ದೊರೆಸಾನಿಯ ಗುಲಾಬಿ ಕೊಕ್ಕು

ಹಲ್ಲಪ್ಪನಿಗೆ ಬೆಳಗಿನ ಕಾಫಿಯೂ ಇನ್ನೂ ಆಗಿರಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತು, ಹಳೆಯ ಟವೆಲಿನಲ್ಲಿ ಸುತ್ತಿದ ಕೋಳಿಯನ್ನು ಎಡಗಂಕುಳಲ್ಲಿ ಇರುಕಿಕೊಂಡು, ಬಲಗೈಯಲ್ಲಿ ಸಿರಿಂಜು ಹಿಡಿದು, ಅದರ ಬಾಯಿಗೆ ತೆಳ್ಳನೆಯ ಗಂಜಿ ಬಿಡಲು ಹೆಣಗುತ್ತಿದ್ದ. ಕೋಳಿ ಒಂದು ಗುಟುಕು ನುಂಗಿದಂತೆ ಮಾಡಿತು. ಅವನು ಉಸಿರು ಬಿಟ್ಟ. ಅದು ಒಮ್ಮೆ ತಲೆ ಕೊಡವಿದ್ದೇ ತಡ, ನುಂಗಿದ್ದು, ನುಂಗದೆ ಉಳಿದಿದ್ದು ಎಲ್ಲ ಅವನ ಕನ್ನಡಕದ ಮೇಲೆ ಬಂದು ಕೂತಿತು.

"ಹಾಗಲ್ಲ ಅಳಿಯಂದ್ರೇ," ಎಂದರು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ. "ನೀವು ಪೆಟ್ರೋಲ್ ಹಾಕೋ ಥರ ಹಾಕ್ತಿದ್ದೀರ. ಸ್ವಲ್ಪ ಸ್ವಲ್ಪವಾಗಿ ಬಿಡಿ. ಮಧ್ಯೆ ಮಧ್ಯೆ ಮಾತಾಡಿಸಿ."

"ಏನಂತ ಮಾತಾಡಿಸ್ಲಿ?"

"ಏನಾದ್ರೂ. ಅವಳಿಗೆ ಸಮಾಧಾನ ಆಗೋ ಹಾಗೆ."

ಹಲ್ಲಪ್ಪ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡ. ಕೋಳಿಗೆ ಸಮಾಧಾನವಾಗುವ ಮಾತು ಅವನ ಬಾಯಲ್ಲಿ ಆಗ ಒಂದೂ ಇರಲಿಲ್ಲ. ಬೇರೆ ಮಾತುಗಳು ಬೇಕಾದಷ್ಟಿದ್ದವು. ಅವನ್ನು ಅತ್ತೆಯ ಎದುರು ಆಡುವಂತಿರಲಿಲ್ಲ.

ಬೀದಿಯವರು ಅವನಿಗೆ ಹಲ್ಲಪ್ಪ ಎಂದು ಹೆಸರಿಟ್ಟಿದ್ದು ಅವನ ಕಸುಬಿನಿಂದ. ಮನೆಯ ಮುಂದಿನ ಕೋಣೆಯಲ್ಲಿ ಕೂತು ಅವನು ಹಲ್ಲಿನ ಸೆಟ್ಟು ಕಟ್ಟುತ್ತಿದ್ದ. ಡಾಕ್ಟರುಗಳು ಬೊಚ್ಚುಬಾಯಿಗಳ ಅಚ್ಚು ತೆಗೆದು ಕಳಿಸುತ್ತಿದ್ದರು. ಇವನು ಮೇಣದಲ್ಲಿ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ಪುಡಿ ಕಲಸಿ ವಸಡು ಮಾಡಿ, ಉಜ್ಜಿ ಮಿರುಗಿಸಿ ವಾಪಸು ಕೊಡುತ್ತಿದ್ದ. ಅಚ್ಚುಕಟ್ಟು ಕೆಲಸ. ಊರಲ್ಲಿ ನಗುವ ಮುದುಕರಲ್ಲಿ ಅರ್ಧಕ್ಕರ್ಧ ಜನ ಅವನ ದಯೆಯಿಂದಲೇ ನಗುತ್ತಿದ್ದರು. ಆದರೆ ಅತ್ತೆಯ ಬಾಯಲ್ಲಿ ಒಂದು ಹಲ್ಲೂ ಅಲ್ಲಾಡಿರಲಿಲ್ಲ. ಈ ವಯಸ್ಸಿನಲ್ಲೂ ಕಬ್ಬು ಸಿಗಿಯುತ್ತಿದ್ದರು. ಅಳಿಯ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ, "ಸುಳ್ಳು ಹಲ್ಲು ಮಾಡ್ತಾರೆ" ಎನ್ನುತ್ತಿದ್ದರು. ಅದರಲ್ಲಿ ತಪ್ಪೇನೂ ಇಲ್ಲ, ಆದರೂ ಕೇಳಿದಾಗಲೆಲ್ಲ ಹಲ್ಲಪ್ಪನಿಗೆ ಒಳಗೊಳಗೇ ಚುರ್ ಎನ್ನುತ್ತಿತ್ತು.

ಮಾವ ತೀರಿಕೊಂಡ ಮೇಲೆ ಅತ್ತೆ ಮಗಳ ಮನೆಗೆ ಬಂದಾಗ ಒಂದು ಟ್ರಂಕು, ಒಂದು ಹೊಲಿಗೆ ಮಿಷನ್ನು, ನಾಲ್ಕು ಕೋಳಿ ತಂದಿದ್ದರು. ಮೂರು ಕೋಳಿಗಳು ತಮ್ಮ ಪಾಡಿಗೆ ಮೊಟ್ಟೆ ಇಟ್ಟು, ತಮ್ಮ ಪಾಡಿಗೆ ಸತ್ತವು. ಉಳಿದದ್ದು ಈ ಬೂದು ಕೋಳಿ. ಸೀರೆಯ ನೆರಿಗೆ ಎತ್ತಿಕೊಂಡು ಕೆಸರು ದಾಟುವವಳಂತೆ ಹೆಜ್ಜೆ ಇಡುತ್ತಿದ್ದುದರಿಂದ ಅತ್ತೆ ಅದನ್ನು ದೊರೆಸಾನಿ ಎಂದು ಕರೆದಿದ್ದರು. ದೊರೆಸಾನಿ ಮೊಟ್ಟೆ ಇಡುವುದನ್ನು ಬಿಟ್ಟು ಯಾವ ಕಾಲವಾಗಿತ್ತೋ. ಒಂದು ಕಣ್ಣಿಗೆ ಪೊರೆ ಬಂದಿತ್ತು. ಕಾಲಿನ ಗಂಟುಗಳು ಊದಿಕೊಂಡಿದ್ದವು. ತಿಂದದ್ದು ಕತ್ತಿನ ಕೆಳಗಿನ ಚೀಲದಲ್ಲೇ ಗಟ್ಟಿಯಾಗಿ ನಿಂತುಬಿಡುತ್ತಿತ್ತು; ಯಾರಾದರೂ ಎಣ್ಣೆ ಕುಡಿಸಿ ಮೆತ್ತಗೆ ನೀವಬೇಕಿತ್ತು. ಆ ಯಾರಾದರೂ ಎಂಬವರು ಇಷ್ಟು ದಿನ ಅತ್ತೆಯೇ ಆಗಿದ್ದರಿಂದ ಹಲ್ಲಪ್ಪನಿಗೆ ಅದರ ಗೊಡವೆ ಇರಲಿಲ್ಲ.

ಎಲ್ಲ ಕೆಟ್ಟದ್ದು ಕೋಳಿಗೂಡಿನ ಬಾಗಿಲಿನಿಂದ. ಅದರ ಮೇಲಿನ ತಿರುಗಣಿ ಸಡಿಲವಾಗಿತ್ತು. ಒಂದು ಸಂಜೆ ಅತ್ತೆ ಬಗ್ಗಿ ಬಾಗಿಲು ಹಾಕುವಾಗ ದೊರೆಸಾನಿಗೆ ಇದ್ದಕ್ಕಿದ್ದಂತೆ ಹೊರಗೆ ಬರುವ ಮನಸ್ಸಾಯಿತು. ಬಾಗಿಲು ಕಿತ್ತುಕೊಂಡು ಅದರ ಮುಖದ ಮೇಲೆ ಬಿತ್ತು. ತಪ್ಪಿಸಲು ಹೋದ ಅತ್ತೆ ಜಾರಿ, ಕೈ ಊರಿ ಬಿದ್ದರು. ಅತ್ತೆಯ ಬಲಗೈ ಮಣಿಕಟ್ಟು ಮುರಿಯಿತು, ದೊರೆಸಾನಿಯ ಮೇಲ್ಗೊಕ್ಕಿನ ಮುಂಭಾಗ ಮುರಿಯಿತು. ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕುತ್ತಿದ್ದಾಗಲೂ ಅತ್ತೆ ಅಳಿಯನ ಕಡೆ ನೋಡಿ ಹೇಳಿದ್ದು ಒಂದೇ ಮಾತು: "ಆ ಬಾಗ್ಲು ಸರಿ ಮಾಡಿ ಅಂತ ಎಷ್ಟು ಸಲ ಹೇಳಿದ್ದೆ."

ಅವರು ಹೇಳಿದ್ದರು. ಇವನು ಮಾಡಿರಲಿಲ್ಲ.

ಹೀಗಾಗಿ ಕೋಳಿ ಅವನ ಕೊರಳಿಗೆ ಬಿತ್ತು. ಹೆಂಡತಿಗೆ ಒಪ್ಪಿಸೋಣವೆಂದರೆ ಅವಳು ಬಸ್ ಕಂಡಕ್ಟರು; ಬೆಳಕು ಹರಿಯುವ ಮುಂಚೆಯೇ ಹೆಗಲಿಗೆ ಚೀಲ ಹಾಕಿಕೊಂಡು ಡಿಪೋಗೆ ಹೋಗಿಬಿಡುತ್ತಿದ್ದಳು. ಸಂಜೆ ಬಂದಾಗ ಅವಳ ಧ್ವನಿ ಅರ್ಧ ಹೋಗಿರುತ್ತಿತ್ತು, ತಾಳ್ಮೆ ಪೂರ್ತಿ ಹೋಗಿರುತ್ತಿತ್ತು. ಅಡುಗೆಮನೆಯಲ್ಲಿ ಗಂಜಿ ಕಾಯಿಸುತ್ತ ನಿಂತ ಗಂಡನನ್ನು, "ಮುಂದೆ ಹೋಗ್ರೀ, ದಾರಿ ಬಿಡ್ರೀ, ಬಾಗಿಲಲ್ಲಿ ನಿಲ್ಬೇಡಿ" ಎಂದು ಪಕ್ಕಕ್ಕೆ ತಳ್ಳುತ್ತಿದ್ದಳು.

"ನಿಮ್ಮಮ್ಮನ ಕೋಳಿ ಕಣೇ ಇದು," ಎಂದ ಅವನು ಒಮ್ಮೆ.

"ನಿಮ್ಮ ಬಾಗ್ಲು ಕಣ್ರೀ ಅದು," ಎಂದಳು ಅವಳು.

ದೊರೆಸಾನಿಗೆ ಹಸಿವಿತ್ತು. ಅದೇ ಸಂಕಟ. ಕಾಳು ಕಂಡರೆ ಓಡಿ ಬಂದು ಕುಟುಕುತ್ತಿತ್ತು, ಆದರೆ ಮೇಲ್ಗೊಕ್ಕು ಮೋಟಾಗಿದ್ದರಿಂದ ಕಾಳು ಕೆಳಗಿನ ಕೊಕ್ಕಿನಿಂದ ಜಾರಿ ಬೀಳುತ್ತಿತ್ತು. ಮತ್ತೆ ಕುಟುಕುತ್ತಿತ್ತು, ಮತ್ತೆ ಬೀಳುತ್ತಿತ್ತು. ಕೊನೆಗೆ ಒಂದು ಕಣ್ಣಲ್ಲಿ ಹಲ್ಲಪ್ಪನನ್ನು ದಿಟ್ಟಿಸಿ ನೋಡುತ್ತಿತ್ತು, ಕಾಳಿಗೆ ಅವನೇ ಏನೋ ಮಾಡಿಟ್ಟಿದ್ದಾನೆ ಎನ್ನುವಂತೆ. ಸಿರಿಂಜು ತಂದರೆ ಅದೇ ಕೋಳಿ ರಾಕ್ಷಸಿಯಾಗುತ್ತಿತ್ತು. ಮುದಿ ಕಾಲುಗಳಿಗೆ ಅಷ್ಟು ಬಲ ಎಲ್ಲಿಂದ ಬರುತ್ತಿತ್ತೋ, ಅವನ ಮುಂಗೈ ತುಂಬ ಗೀರುಗಳು. ಉಣಿಸಿ ಮುಗಿಸಿದ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಚೀಲ ನೀವುವುದು, ನೀವಿದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಕಾಲು ಅದ್ದಿಸುವುದು. ಆ ಟಬ್ಬಿನಲ್ಲಿ ನಿಂತಾಗ ಮಾತ್ರ ಅದು ಕಣ್ಣು ಮುಚ್ಚಿ ಸುಮ್ಮನಿರುತ್ತಿತ್ತು. ಸುಮ್ಮನಿದ್ದು, ನೀರಲ್ಲೇ ಹಿಕ್ಕೆ ಹಾಕುತ್ತಿತ್ತು.

"ನೀರು ಬದಲಾಯಿಸಿ ಅಳಿಯಂದ್ರೇ," ಎನ್ನುತ್ತಿದ್ದರು ಕುರ್ಚಿಯಿಂದ ಅತ್ತೆ.

ಅತ್ತೆ ಹೊತ್ತು ಹೊತ್ತಿಗೂ ಕರೆಯುತ್ತಿದ್ದರು. ಕೋಳಿ ಬಿಸಿಲಲ್ಲಿದೆ ಬನ್ನಿ. ಕೋಳಿ ನೆರಳಲ್ಲಿದೆ ಬನ್ನಿ. ಕೋಳಿ ಸೀನಿತು ಬನ್ನಿ. ಮೇಣ ಕರಗಿಸಿಟ್ಟು ಹಲ್ಲು ಜೋಡಿಸುತ್ತಿದ್ದವನು ಎದ್ದು ಹೋಗಿ ಬರುವಷ್ಟರಲ್ಲಿ ಮೇಣ ಗಟ್ಟಿಯಾಗಿರುತ್ತಿತ್ತು. ಮತ್ತೆ ಕರಗಿಸುತ್ತಿದ್ದ. ಕರಗುವಷ್ಟರಲ್ಲಿ ಕೋಳಿ ಆಕಳಿಸಿರುತ್ತಿತ್ತು.

ಒಂದು ದಿನ ಹಲ್ಲಿನ ಡಾಕ್ಟರು ಫೋನು ಮಾಡಿದರು. "ಏನಪ್ಪಾ, ನಿನ್ನೆ ಕಳಿಸಿದ ಸೆಟ್ಟಿನಲ್ಲಿ, ಮೇಲಿನ ವಸಡಿನ ಒಳಗೆ ಏನೋ ಬೂದುಬಣ್ಣದ್ದು ಇದೆಯಲ್ಲ?"

"ಏನು ಸಾರ್?"

"ನೋಡಿದ್ರೆ ಪುಕ್ಕದ ಥರ ಕಾಣತ್ತೆ."

ಹಲ್ಲಪ್ಪ ಕಣ್ಣು ಮುಚ್ಚಿಕೊಂಡ. ಸೆಟ್ಟನ್ನು ವಾಪಸು ತರಿಸಿ ಬೆಳಕಿಗೆ ಹಿಡಿದ. ನಿಜ. ಗುಲಾಬಿ ವಸಡಿನ ಒಳಗೆ, ಗಾಜಿನಲ್ಲಿಟ್ಟಷ್ಟು ಸ್ಪಷ್ಟವಾಗಿ, ದೊರೆಸಾನಿಯ ಒಂದು ಎಳೆ ಪುಕ್ಕ ಕೂತಿತ್ತು. ಇಷ್ಟು ವರ್ಷದ ಕಸುಬಿನಲ್ಲಿ ಹೀಗೆ ಆಗಿರಲಿಲ್ಲ. ಪೂರ್ತಿ ಸೆಟ್ಟನ್ನು ಹೊಸದಾಗಿ ಕಟ್ಟುತ್ತ ಅವನು ನಿರ್ಧಾರ ಮಾಡಿದ. ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗುವುದು. ಅವರು ನೋಡುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ಇನ್ನು ಇದನ್ನು ನರಳಿಸಬೇಡಿ ಎನ್ನುತ್ತಾರೆ. ಒಂದು ಇಂಜೆಕ್ಷನ್. ಹೇಳುವವರು ಡಾಕ್ಟರಾದರೆ ಅತ್ತೆಯೂ ಎದುರಾಡುವ ಹಾಗಿಲ್ಲ.

ಅತ್ತೆ ತಾನೂ ಬರುತ್ತೇನೆಂದು ಹೊರಟೇಬಿಟ್ಟರು. ಕೈಗೆ ಪ್ಲಾಸ್ಟರು, ಕತ್ತಿಗೆ ಪಟ್ಟಿ, ತೊಡೆಯ ಮೇಲೆ ರಟ್ಟಿನ ಡಬ್ಬ, ಡಬ್ಬದಲ್ಲಿ ದೊರೆಸಾನಿ. ಆಟೋದವನು ಹಿಂದೆ ತಿರುಗಿ, "ಇಬ್ಬರಲ್ಲಿ ಪೇಷೆಂಟು ಯಾರು?" ಎಂದು ಕೇಳಿದ. ಅತ್ತೆ, "ಮೂರು ಜನಾನೂ" ಎಂದರು.

ಪಶುವೈದ್ಯೆ ಸಣ್ಣ ವಯಸ್ಸಿನವಳು. ಮೇಜಿನ ಮೇಲೆ ನಾಯಿಕೂದಲು, ಗೋಡೆಗೆ ದನದ ಹೊಟ್ಟೆಯ ಚಿತ್ರ. ದೊರೆಸಾನಿಯ ಬಾಯಿ ತೆರೆದು ಟಾರ್ಚು ಬಿಟ್ಟು ನೋಡಿದಳು. ಎದೆ ಒತ್ತಿದಳು, ಚೀಲ ಒತ್ತಿದಳು.

"ವಯಸ್ಸಾಗಿದೆ," ಎಂದಳು.

ಹಲ್ಲಪ್ಪ ಮುಖದಲ್ಲಿ ದುಃಖ ತಂದುಕೊಂಡು ತಲೆಯಾಡಿಸಿದ.

"ಆದ್ರೆ ಹೃದಯ ಗಟ್ಟಿಯಾಗಿದೆ. ಕೊಕ್ಕಿನ ತುದಿ ಮಾತ್ರ ಹೋಗಿದೆ, ಬೇರು ಚೆನ್ನಾಗಿದೆ. ಅಲ್ಲಿಗೆ ಏನಾದ್ರೂ ಕಟ್ಟೋಕಾದ್ರೆ ತಾನೇ ತಿನ್ನತ್ತೆ. ಹಲ್ಲಿಗೆ ಹಾಕ್ತಾರಲ್ಲ, ಆ ಪುಡಿಯಲ್ಲಿ ಹಕ್ಕಿಗಳಿಗೆ ಕೊಕ್ಕು ಕಟ್ತಾರೆ. ನಾನು ಓದಿದ್ದೀನಿ, ಮಾಡಿಲ್ಲ. ಅದಕ್ಕೆ ಹಲ್ಲಿನ ಕೆಲಸ ಬಲ್ಲವರು ಯಾರಾದ್ರೂ ಬೇಕಾಗ್ತಾರೆ."

ಅತ್ತೆ ನಿಧಾನವಾಗಿ ತಲೆ ತಿರುಗಿಸಿ ಅಳಿಯನನ್ನು ನೋಡಿದರು. ದೊರೆಸಾನಿಯೂ ತನ್ನ ಒಳ್ಳೆಯ ಕಣ್ಣನ್ನು ಅವನ ಕಡೆಗೇ ತಿರುಗಿಸಿತು.

ಆಗುವುದಿಲ್ಲ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದೇ ಅವನ ಗ್ರಹಚಾರ.

ಪಶುವೈದ್ಯೆ ಏನು ಜಾಗ್ರತೆ ವಹಿಸಬೇಕೆಂದು ಬಿಡಿಸಿ ಹೇಳಿದಳು. ಮೂಗಿನ ತೂತು ಮುಚ್ಚಬಾರದು, ನಾಲಿಗೆಗೆ ತಾಗಬಾರದು, ಬಿಸಿ ತಟ್ಟಬಾರದು. ಬಿಸಿಯದ್ದೇ ತೊಂದರೆ. ಆ ಪುಡಿಗೆ ದ್ರವ ಸೇರಿಸಿದರೆ ಗಟ್ಟಿಯಾಗುವಾಗ ಸುಡುತ್ತದೆ. ಹಲ್ಲಪ್ಪ ಒಂದೇ ಸಲ ಹಾಕುವ ಬದಲು ಉಗುರಿನಷ್ಟು ತೆಳುವಾಗಿ ಹಚ್ಚಿ, ಒದ್ದೆ ಹತ್ತಿಯಿಂದ ತಣಿಸಿ, ಆಮೇಲೆ ಇನ್ನೊಂದು ಪದರ ಹಚ್ಚುವುದು ಎಂದುಕೊಂಡ. ಬಣ್ಣದ್ದು ಇನ್ನೊಂದು ತಾಪತ್ರಯ. ಬೇಗ ಗಟ್ಟಿಯಾಗುವ ಪುಡಿ ಅವನ ಬಳಿ ಇದ್ದದ್ದು ಗುಲಾಬಿಯದು ಮಾತ್ರ.

"ಗುಲಾಬೀನಾ?" ಎಂದರು ಅತ್ತೆ. "ಲಿಪ್‌ಸ್ಟಿಕ್ ಹಚ್ಚಿದ ಹಾಗೆ ಕಾಣಲ್ವಾ?"

"ಬೂದು ವಸಡು ಯಾರಿಗೂ ಬೇಡ ಅತ್ತೆ, ಅದಕ್ಕೇ ನಾನು ತರಿಸಲ್ಲ."

"ಕೇಳಿದೆ ಅಷ್ಟೆ."

ಮುಂದಿನ ಕೋಣೆಯ ಮೇಜಿನ ಮೇಲೆ ದೊರೆಸಾನಿಯನ್ನು ಟವೆಲಿನಲ್ಲಿ ಸುತ್ತಿ ಮಲಗಿಸಿದರು. ಅತ್ತೆ ಎಡಗೈಯಲ್ಲಿ ಅದರ ತಲೆ ಹಿಡಿದುಕೊಂಡರು. ಇಷ್ಟು ವರ್ಷದಲ್ಲಿ ಅವರು ಆ ಕೋಣೆಯೊಳಗೆ ಬಂದು ಕೂತದ್ದು ಅದೇ ಮೊದಲು. ಕಪಾಟಿನಲ್ಲಿ ಸಾಲಾಗಿ ನಿಂತ ಪ್ಲಾಸ್ಟರ್ ದವಡೆಗಳನ್ನು ಒಮ್ಮೆ ನೋಡಿ, "ಎಲ್ಲರೂ ನಮ್ಮನ್ನೇ ನೋಡಿ ನಗ್ತಿದ್ದಾರೆ" ಎಂದರು.

ಹಲ್ಲಪ್ಪ ಮುರಿದ ಅಂಚನ್ನು ಸಣ್ಣ ಅರದಿಂದ ಒರಟು ಮಾಡಿದ. ಪುಡಿ ಕಲಸಿದ, ಘಾಟು ಎದ್ದಿತು. ಮೊದಲ ತೊಟ್ಟನ್ನು ತನ್ನ ತುಟಿಯ ಮೇಲೆ ಹಚ್ಚಿಕೊಂಡು ಬಿಸಿ ಎಷ್ಟಾಗುತ್ತದೆಂದು ಕಾದು ನೋಡಿದ. ಅತ್ತೆ ಅದನ್ನು ನೋಡಿದರು. ಆಮೇಲೆ ಒಂದೊಂದೇ ಪದರ. ಅತ್ತೆ ಕೋಳಿಯ ಕಿವಿಯ ಹತ್ತಿರ ಬಗ್ಗಿ, ಯಾವ ಕಾಲದ್ದೋ ಒಂದು ಜಗಳದ ಕತೆಯನ್ನು, ನಾದಿನಿ ಹಾಗಂದಳು ನಾನು ಹೀಗಂದೆ ಎಂದು, ಪಿಸುಗುಡುತ್ತ ಹೋದರು. ದೊರೆಸಾನಿ ಕಣ್ಣು ಮುಚ್ಚಿತು. ಹಲ್ಲಪ್ಪನಿಗೂ ಆ ನಾದಿನಿ ಕೊನೆಗೆ ಏನಂದಳೋ ಕೇಳಬೇಕೆನಿಸಿತ್ತು, ಅಷ್ಟರಲ್ಲಿ ಕೊಕ್ಕು ಮುಗಿಯಿತು.

ಆ ಕೊಕ್ಕು ಮಾರನೆಯ ದಿನ ನೀರಿನ ಬಟ್ಟಲಲ್ಲಿ ತೇಲುತ್ತಿತ್ತು.

"ಬಿತ್ತು ಅಳಿಯಂದ್ರೇ," ಎಂದರು ಅತ್ತೆ. ಹೇಳಬೇಕಾದ ಅಗತ್ಯವೇ ಇರಲಿಲ್ಲ. ಹಲ್ಲಪ್ಪನಿಗೆ ಮೈಯೆಲ್ಲ ಉರಿಯಿತು. ಅವನು ಕಟ್ಟಿದ ಹಲ್ಲು ಮೂಳೆ ಕಡಿಯುತ್ತವೆ. ಅವನು ಕಟ್ಟಿದ ಕೊಕ್ಕು ನೀರು ಕುಡಿಯುವಷ್ಟೂ ತಾಳಲಿಲ್ಲವೆಂದರೆ? ಈಗ ಅದು ಕೋಳಿಯ ಪ್ರಶ್ನೆಯಾಗಿ ಉಳಿಯಲಿಲ್ಲ. ಎರಡನೆಯ ಸಲ ಅವನು ಅಂಚಿನಲ್ಲಿ ಹಿಡಿತಕ್ಕೆ ಸಣ್ಣ ಕಚ್ಚು ಮಾಡಿ, ಎರಡೂ ಬದಿಗೆ ರೆಕ್ಕೆಯಂತೆ ಹಿಂದಕ್ಕೆ ಎಳೆದು ಕಟ್ಟಿದ. ಕೆಳಗಿನ ಕೊಕ್ಕು ಕೂಡುವ ಹಾಗೆ ತಿದ್ದಿ, ತೀಡಿ, ಹೊಳಪು ಕೊಟ್ಟ. ಹೊಳಪು ಕೋಳಿಗೇನೂ ಬೇಕಿರಲಿಲ್ಲ. ಆದರೆ ಹೊಳಪು ಕೊಡದೆ ಕಳಿಸಿ ಅವನಿಗೆ ರೂಢಿಯಿರಲಿಲ್ಲ.

ಹಿತ್ತಲಲ್ಲಿ ಕಾಳು ಚೆಲ್ಲಿ ಇಬ್ಬರೂ ನಿಂತರು. ದೊರೆಸಾನಿ ಗುಲಾಬಿ ಕೊಕ್ಕನ್ನು ಮೇಲೆತ್ತಿಕೊಂಡು ಬಂತು. ಕುಟುಕಿತು, ತಪ್ಪಿತು. ಕುಟುಕಿತು, ಕಾಳು ಸಿಡಿದು ಹೋಯಿತು. ಮತ್ತೆ ಕುಟುಕಿತು. ಕಾಳು ಬಾಯೊಳಗೆ ಹೋಯಿತು. ಆಮೇಲೆ ಟಕ್ ಟಕ್ ಟಕ್ ಎಂದು ಕಲ್ಲುಚಪ್ಪಡಿಯ ಮೇಲೆ ಸದ್ದು ನಿಲ್ಲಲೇ ಇಲ್ಲ. ಹಲ್ಲಪ್ಪ ಹತ್ತಿರ ಕುಕ್ಕರಗಾಲಲ್ಲಿ ಕೂತು ಬಿರುಕು ಬಿಟ್ಟಿದೆಯೇ ಎಂದು ನೋಡಲು ಬೆರಳು ಚಾಚಿದ. ಅದು ಅವನ ಹೆಬ್ಬೆರಳನ್ನೇ ಕಚ್ಚಿ ಹಿಡಿದು ರಕ್ತ ಬರಿಸಿತು.

"ಹಿಡಿತ ಚೆನ್ನಾಗಿ ಬಂದಿದೆ," ಎಂದರು ಅತ್ತೆ.

ಅಷ್ಟೇ ಅವರು ಅವನಿಗೆ ಹೇಳಿದ್ದು. ಆದರೆ ಎರಡು ದಿನ ಬಿಟ್ಟು, ಅವನು ಬಚ್ಚಲಲ್ಲಿ ಟಬ್ಬು ಉಜ್ಜುತ್ತಿದ್ದಾಗ, ಗೋಡೆಯಾಚೆಯ ಮನೆಯಾಕೆಗೆ ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸಿತು. "ನಮ್ಮ ಅಳಿಯಂದಿರು ಕಟ್ಟಿದ್ದು. ತಮ್ಮ ತುಟಿ ಮೇಲೆ ಹಚ್ಕೊಂಡು ನೋಡಿ ಆಮೇಲೆ ಅವಳಿಗೆ ಹಚ್ಚಿದ್ರು." ಹಲ್ಲಪ್ಪ ಟಬ್ಬನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದ.

ಇಲ್ಲಿಗೆ ಕಷ್ಟ ಮುಗಿಯಿತೆಂದುಕೊಂಡದ್ದು ಅವನ ತಪ್ಪು. ಕೊಕ್ಕು ಸವೆಯುತ್ತಿತ್ತು, ಅರ ಹಾಕಬೇಕಿತ್ತು. ಒಳಗಿನ ನಿಜವಾದ ಕೊಕ್ಕು ಬೆಳೆದಂತೆ ಕಟ್ಟಿದ್ದು ಸಡಿಲವಾಗುತ್ತಿತ್ತು, ಕಿತ್ತು ಹೊಸದು ಕಟ್ಟಬೇಕಿತ್ತು. ಅತ್ತೆಯ ಪ್ಲಾಸ್ಟರು ಬಿಚ್ಚಿದರು. ಅವತ್ತು ಹಲ್ಲಪ್ಪ ಸಿರಿಂಜು, ಎಣ್ಣೆ ಬಾಟಲಿ, ಟವೆಲು ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಅವರ ಮುಂದೆ ತಂದಿಟ್ಟ. ಅತ್ತೆ ಬುಟ್ಟಿಯನ್ನು ನೋಡಿದರು, ತಮ್ಮ ಒಣಗಿದ ಮಣಿಕಟ್ಟನ್ನು ನೋಡಿದರು.

"ನನ್ನ ಕೈ ಇನ್ನೂ ನಡುಗತ್ತೆ ಅಳಿಯಂದ್ರೇ. ಅವಳಿಗೂ ಈಗ ನಿಮ್ಮ ಕೈಯೇ ರೂಢಿ."

ಅದೇ ಕೈಯಲ್ಲಿ ಅವರು ಸಂಜೆ ಹೊಲಿಗೆ ಮಿಷನ್ನಿನ ಸೂಜಿಗೆ ದಾರ ಪೋಣಿಸಿದ್ದನ್ನು ಅವನು ಕಣ್ಣಾರೆ ನೋಡಿದ.

ಹೆಂಡತಿ ಒಂದು ರಾತ್ರಿ ಊಟದ ತಟ್ಟೆ ಮುಂದೆ ಸಿಡಿದಳು. "ಮೊದ್ಲು ಈ ಮನೇಲಿ ನೀವಿಬ್ಬರೂ ನನ್ನ ಮೂಲಕ ಮಾತಾಡ್ತಿದ್ರಿ. ಉಪ್ಪು ಬೇಕಾದ್ರೂ ನನ್ನೇ ಕೇಳ್ತಿದ್ರಿ. ಈಗ ನಾನು ಬಂದಾಗಿನಿಂದ ಹಿಕ್ಕೆ ಗಟ್ಟಿಯಾಗಿತ್ತಾ, ತೆಳ್ಳಗಿತ್ತಾ ಅಂತ ಚರ್ಚೆ ನಡೀತಿದೆ. ನಾನು ಅನ್ನ ತಿನ್ನೋದು ಬೇಡ್ವಾ?"

ಇಬ್ಬರೂ ತಟ್ಟೆಗೆ ಕೈ ಹಾಕಿದರು. ಎರಡು ತುತ್ತು ಆದ ಮೇಲೆ ಅತ್ತೆ, "ತೆಳ್ಳಗಿತ್ತು" ಎಂದರು. ಅವನು ತಲೆಯಾಡಿಸಿದ.

ತೆಳ್ಳಗಾಗುತ್ತಲೇ ಹೋಯಿತು. ಬಿಸಿಲು ಬಲಿಯುವ ಹೊತ್ತಿಗೆ ದೊರೆಸಾನಿ ನಡೆಯುವುದನ್ನು ಬಿಟ್ಟಿತು. ಬೆಳಿಗ್ಗೆ ಎತ್ತಿ ಗೋಡೆಯ ಬಿಸಿಲಿಗೆ ಇಡಬೇಕು, ಬಿಸಿಲು ಸರಿದರೆ ಅದನ್ನೂ ಸರಿಸಬೇಕು. ಹಲ್ಲಪ್ಪ ಗೊಣಗುತ್ತಲೇ ಎತ್ತಿಡುತ್ತಿದ್ದ. ಕೈಯಲ್ಲಿ ಅದರ ತೂಕ ಬರಬರುತ್ತ ಬರೀ ಗರಿಯ ತೂಕವಾಗಿತ್ತು. ಎಷ್ಟು ಕಾಳು ಹಾಕಿದರೂ ಎದೆಮೂಳೆ ಚಾಕುವಿನಂತೆ ಎದ್ದು ನಿಂತಿತ್ತು. ಆದರೂ ಕಾಳು ಕಂಡರೆ ಕೂತಲ್ಲಿಂದಲೇ ಕತ್ತು ಚಾಚಿ ಟಕ್ ಟಕ್ ಎನ್ನಿಸುತ್ತಿತ್ತು. ಕೊಕ್ಕು ಮಾತ್ರ ಗಟ್ಟಿಯಾಗಿತ್ತು.

ಒಂದು ಮಧ್ಯಾಹ್ನ ಅವನು ಎರಡು ಸೆಟ್ಟುಗಳ ಕೆಲಸ ಒಟ್ಟಿಗೆ ಹಿಡಿದಿದ್ದ. ಸಂಜೆಯ ಹೊತ್ತಿಗೆ ಉಜ್ಜುವ ಯಂತ್ರ ನಿಲ್ಲಿಸಿ ಮೈ ಮುರಿದಾಗ, ಇವತ್ತು ಕೆಲಸ ಸಲೀಸಾಗಿ ಸಾಗಿತಲ್ಲ ಎನಿಸಿತು. ಯಾರೂ ಕರೆದಿರಲಿಲ್ಲ. ಮರುಕ್ಷಣ ಅವನು ದಡಕ್ಕನೆ ಎದ್ದ. ಚಪ್ಪಲಿ ಹಾಕಿಕೊಳ್ಳದೆ ಹಿತ್ತಲಿಗೆ ಹೋದ.

ಅತ್ತೆ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿದ್ದರು. ದೊರೆಸಾನಿ ಅವರ ಮಡಿಲಲ್ಲಿತ್ತು, ಕತ್ತು ಒಂದು ಕಡೆಗೆ ವಾಲಿತ್ತು.

"ಯಾವಾಗ?" ಎಂದ.

"ಆಗ್ಲೇ. ಊಟ ಆಗಿ ಸ್ವಲ್ಪ ಹೊತ್ತಿಗೆ."

"ಊಟ ಆಗಿ ಸ್ವಲ್ಪ ಹೊತ್ತಿಗಾ? ಈಗ ಸಂಜೆ ಆಯ್ತಲ್ಲ!"

"ಕೆಲಸದಲ್ಲಿದ್ರಿ. ಮಿಷನ್ನು ಓಡ್ತಿತ್ತು. ಕರೀಲಿಲ್ಲ."

ಹಲ್ಲಪ್ಪನಿಗೆ ಎಲ್ಲಿತ್ತೋ ಆ ಸಿಟ್ಟು. "ಸೀನಿದ್ರೆ ಕರೀತೀರ! ಆಕಳಿಸಿದ್ರೆ ಕರೀತೀರ! ನೊಣ ಬಂದು ಕೂತ್ರೆ ಕರೀತೀರ! ಇದಕ್ಕೆ ಕರೀಲಿಲ್ವಾ ಅತ್ತೆ? ಇದೊಂದಕ್ಕೆ ಕರೀಬೇಕು ಅನ್ನಿಸ್ಲಿಲ್ವಾ?"

ಅತ್ತೆಯ ಎದುರು ಅವನು ಧ್ವನಿ ಎತ್ತಿದ್ದು ಅದೇ ಮೊದಲು. ಗೋಡೆಯಾಚೆಯ ಮನೆಯಾಕೆ ಇಣುಕಿ ನೋಡಿ ಮತ್ತೆ ಮರೆಯಾದಳು. ಅತ್ತೆ ಅವನ ಮುಖವನ್ನೇ ನೋಡುತ್ತಿದ್ದರು. ಅವರ ಕಣ್ಣು ಒಣಗಿತ್ತು.

"ಬಂದು ಏನು ಮಾಡ್ತಿದ್ರಿ?" ಎಂದರು ಮೆಲ್ಲಗೆ. "ಏನಾದ್ರೂ ಮಾಡೋಕೆ ಹೋಗ್ತಿದ್ರಿ. ಎಣ್ಣೆ, ಸಿರಿಂಜು ಅಂತ. ಅವಳಿಗೆ ಸಾಕಾಗಿತ್ತು."

ಅವನು ಒಳಗೆ ಹೋಗಿ ಹಾರೆ ತಂದ.

ಗೋಡೆಯ ಬದಿಯ ನೆಲ ಕಲ್ಲಿನಂತಿತ್ತು. ನಾಲ್ಕು ಏಟು ಹಾಕುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತು. ಅತ್ತೆ ಕೋಳಿಯನ್ನು ಟವೆಲಿನಲ್ಲಿ ಸುತ್ತುತ್ತಿದ್ದವರು ನಡುವೆ ನಿಲ್ಲಿಸಿ, "ಆ ಕೊಕ್ಕು ತೆಗೆದುಬಿಡಿ ಅಳಿಯಂದ್ರೇ. ಬಂದಾಗ ಅದು ಇರಲಿಲ್ಲ. ಹೋಗುವಾಗ ಯಾಕೆ" ಎಂದರು.

"ತೆಗೆಯಲ್ಲ."

"ನಿಮ್ಮ ಕೆಲಸ ಚೆನ್ನಾಗಿಲ್ಲ ಅಂತಲ್ಲ—"

"ಅದು ಅವಳದ್ದು ಅತ್ತೆ. ಕಟ್ಟಿ ಕೊಟ್ಟಾಯ್ತು. ಕೊಟ್ಟ ಸೆಟ್ಟನ್ನ ನಾನು ಯಾರ ಬಾಯಿಂದಲೂ ವಾಪಸ್ ಕಿತ್ಕೊಂಡಿಲ್ಲ."

ಅತ್ತೆ ಟವೆಲಿನ ಅಂಚನ್ನು ದೊರೆಸಾನಿಯ ಮುಖದ ಮೇಲೆ ಎಳೆದರು. ಆಮೇಲೆ ಬಗ್ಗಿ ಗುಂಡಿಯೊಳಗೆ ನೋಡಿದರು.

"ಇಷ್ಟು ಸಾಲದು," ಎಂದರು. "ನಾಯಿ ಕೆದರುತ್ತೆ. ಇನ್ನೂ ಒಂದು ಗೇಣು ಹೋಗ್ಬೇಕು."

"ಕಲ್ಲು ಬಂದಿದೆ ಅತ್ತೆ."

"ಪಕ್ಕದಿಂದ ಎಬ್ಬಿಸಿ. ಹಾಗಲ್ಲ, ಮೊನೆ ಕೆಳಗೆ ಮಾಡಿ. ಇನ್ನೂ ಕೆಳಗೆ."

ಹಲ್ಲಪ್ಪ ಹಲ್ಲು ಕಚ್ಚಿಕೊಂಡು ಮೊನೆಯನ್ನು ಕೆಳಗೆ ಮಾಡಿದ. ಅತ್ತೆ ಸೆರಗು ಸಿಕ್ಕಿಸಿ, ಅವನ ಎದುರು ಮಂಡಿಯೂರಿ ಕೂತು, ಅವನು ಸಡಿಲಿಸಿದ ಮಣ್ಣನ್ನು ಎರಡೂ ಕೈಯಲ್ಲಿ ತೋಡಿ ಹೊರಗೆ ಹಾಕತೊಡಗಿದರು.